ಹೆಸರು ತಪ್ಪಿದ ಕಳೆ

ಹಳಗನ್ನಡ ಕಾವ್ಯಗಳ ಪಾಠಾಂತರಗಳನ್ನು ವಿವರಿಸುವಾಗ ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು: "ಓಲೆಗರಿಯಲ್ಲಿ ಒಂದಕ್ಷರ ಹಾಗಿದ್ದರೇನು, ಹೀಗಿದ್ದರೇನು?" ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ನಾನು ಕಂಡ ಒಳ್ಳೆಯ ಉತ್ತರ ಯಾವ ಕಾವ್ಯದಲ್ಲಿಯೂ ಇಲ್ಲ. ನೀರಿನ ಮೇಲೆ ತೇಲುವ ಒಂದು ಕಳೆಯ ಚರಿತ್ರೆಯಲ್ಲಿದೆ.

ಸಾಲ್ವೀನಿಯ ಎಂಬುದು ಜರೀಗಿಡಗಳ ವರ್ಗಕ್ಕೆ ಸೇರಿದ, ಹೂಬಿಡದ ಜಲಸಸ್ಯ. ಗಿಣ್ಣುಗಿಣ್ಣಿಗೂ ಮೂರು ಎಲೆ. ಎರಡು ನೀರಿನ ಮೇಲೆ ತೇಲುತ್ತವೆ. ಮೂರನೆಯದು ಸೀಳುಸೀಳಾಗಿ ಬೇರಿನಂತೆ ಇಳಿಬಿದ್ದಿರುತ್ತದೆ. ನಿಜವಾದ ಬೇರು ಇದಕ್ಕಿಲ್ಲ. ಎಲೆಯ ಮೇಲಣ ರೋಮಗಳು ನಾಲ್ಕಾಗಿ ಕವಲೊಡೆದು, ತುದಿಯಲ್ಲಿ ಮತ್ತೆ ಒಂದುಗೂಡಿ, ಪುಟ್ಟ ಪಂಜರದಂತೆ ಕಾಣುತ್ತವೆ. ಮೊಳೆಯುವ ಬೀಜವಿಲ್ಲ, ಮುರಿದ ತುಂಡೇ ಹೊಸ ಗಿಡ. ಅನುಕೂಲವಾದ ನೀರಿನಲ್ಲಿ ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಯಾಗುವ ಈ ಕಳೆಯನ್ನು ಕಿತ್ತು ಮುಗಿಸುವುದು ಎಂತಹ ಶ್ರಮವೆಂದು ವಾಚಕರೇ ಊಹಿಸಬಹುದು.

ಆಫ್ರಿಕದ ಕರೀಬಾ ಜಲಾಶಯದಲ್ಲಿ ಇದು ೧೯೫೯ರಲ್ಲಿ ಕಾಣಿಸಿಕೊಂಡು, ೧೯೬೨ರ ವೇಳೆಗೆ ಸುಮಾರು ಸಾವಿರ ಚದರ ಕಿಲೋಮೀಟರು ನೀರನ್ನು ಮುಚ್ಚಿತು. ಪಾಪುವಾ ನ್ಯೂಗಿನಿಯ ಸೆಪಿಕ್ ನದಿಯ ಬಯಲಿನಲ್ಲಿ ದೋಣಿ ಸಾಗದೆ, ಮೀನು ಸಿಕ್ಕದೆ, ಊರನ್ನೇ ತೊರೆದವರುಂಟು. ಕೇರಳದಲ್ಲಿ ಕುಟ್ಟನಾಡಿನ ಕಾಲುವೆಗಳಿಗೂ ಬತ್ತದ ಗದ್ದೆಗಳಿಗೂ ನುಗ್ಗಿತು. ಅಲ್ಲಿ ಇದರ ಹೆಸರು 'ಆಫ್ರಿಕನ್ ಪಾಯಲ್', ಎಂದರೆ ಆಫ್ರಿಕದ ಪಾಚಿ. ಇದರ ಮೂಲ ಆಫ್ರಿಕವೂ ಅಲ್ಲ, ಇದು ಪಾಚಿಯೂ ಅಲ್ಲ!

ಜನರ ಬಾಯಲ್ಲಿ ಹೆಸರು ತಪ್ಪುವುದು ಸಹಜ. ಇಲ್ಲಿ ವಿದ್ವಾಂಸರೂ ತಪ್ಪಿದ್ದರು. ದಕ್ಷಿಣ ಅಮೆರಿಕದ 'ಸಾಲ್ವೀನಿಯ ಆರಿಕ್ಯುಲೇಟ'ದ ಎಲೆಗೂ ಇಂಥವೇ ಪಂಜರದ ರೋಮಗಳಿರುವುದರಿಂದ, ಅದೇ ಇದೆಂದು ನಂಬಿದ್ದರು. ೧೯೬೦ರ ದಶಕದಲ್ಲಿ ಟ್ರಿನಿಡಾಡ್ ಮೊದಲಾದೆಡೆ ಅದನ್ನು ತಿನ್ನುವ ಕೀಟಗಳನ್ನು ಆರಿಸಿದರು. ಅವನ್ನು ತಂದು ಬಿಟ್ಟ ಕಡೆ ಕಳೆ ಹತೋಟಿಗೆ ಬರಲಿಲ್ಲ. ೧೯೭೨ರಲ್ಲಿ ಡಿ. ಎಸ್. ಮಿಚೆಲ್ ಎಂಬ ಸಸ್ಯವಿಜ್ಞಾನಿ ಇದು ಬೇರೆಯೇ ಪ್ರಭೇದವೆಂದು ತೋರಿಸಿ, 'ಸಾಲ್ವೀನಿಯ ಮೊಲೆಸ್ಟ' ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಮೊಲೆಸ್ಟ ಎಂದರೆ ಪೀಡಿಸುವಂಥದು.

ಹೆಸರು ಸರಿಯಾದ ಮೇಲೆ ಇದರ ತವರನ್ನು ಅರಸಿದರು. ೧೯೭೮ರಲ್ಲಿ ಅದು ಆಗ್ನೇಯ ಬ್ರೆಜಿಲಿನಲ್ಲಿ ದೊರೆಯಿತು. ಈ ಸಸ್ಯವನ್ನೇ ತಿಂದು ಬದುಕುವ, ಎರಡು ಮಿಲಿಮೀಟರಿನಷ್ಟು ಉದ್ದದ ಮೂತಿಹುಳುವೂ ಅಲ್ಲಿತ್ತು. ಹುಳು ಮೊಗ್ಗನ್ನು ತಿನ್ನುತ್ತದೆ. ಅದರ ಮರಿ ಕಾಂಡವನ್ನು ಕೊರೆಯುತ್ತದೆ. ೧೯೮೦ರಲ್ಲಿ ಆಸ್ಟ್ರೇಲಿಯದ ಮೂಂಡಾರ ಸರೋವರಕ್ಕೆ ಇದನ್ನು ಬಿಡಲಾಗಿ, ಮರುವರ್ಷವೇ ನೀರು ತಿಳಿಯಾಗಿ ತೆರೆದುಕೊಂಡಿತು. ಮೊದಲು ಬೇರೊಂದು ಹುಳುವಿನ ಹೆಸರಿನಿಂದ ಕರೆಸಿಕೊಂಡ ಇದಕ್ಕೂ ೧೯೮೫ರಲ್ಲಿ ಸ್ವಂತ ಹೆಸರು ಬಂತು: 'ಸಿರ್ಟೊಬೇಗಸ್ ಸಾಲ್ವೀನಿಯೆ'.

ಆಸ್ಟ್ರೇಲಿಯದಿಂದ ತರಿಸಿದ ಈ ಹುಳುವನ್ನು ೧೯೮೩-೮೪ರಲ್ಲಿ ನಮ್ಮ ಬೆಂಗಳೂರಿನ ಒಂದು ನೈದಿಲೆಗೊಳಕ್ಕೂ ಬಿಟ್ಟರು. ಹನ್ನೊಂದು ತಿಂಗಳಲ್ಲಿ ಕಳೆ ಕುಸಿಯಿತು. ಅದರ ನಡುವೆ ನಲುಗಿದ್ದ ನೈದಿಲೆ ಮತ್ತೆ ಚಿಗುರಿತು. ಕೇರಳದಲ್ಲಿಯೂ ಇದೇ ಹುಳು ನೀರನ್ನು ಬಿಡಿಸಿತು.

ನಮ್ಮಲ್ಲಿ ಕೆರೆಯ ಮೇಲೆ ತೇಲುವುದನ್ನೆಲ್ಲ 'ಅಂತರಗಂಗೆ' ಎಂದುಬಿಡುವ ರೂಢಿಯುಂಟು. ತೊಟ್ಟಿಲ್ಲದ ಎಲೆಗಳು ಕೋಸಿನಂತೆ ಅರಳಿಕೊಂಡಿದ್ದರೆ ಅದು ಅಂತರಗಂಗೆ. ಉಬ್ಬಿದ ತೊಟ್ಟು, ನೇರಳೆ ಛಾಯೆಯ ಹೂಗೊಂಚಲು ಇದ್ದರೆ ವಾಟರ್ ಹಯಸಿಂತ್. ಅದಕ್ಕೆ ಬೇರೆಯೇ ಮೂತಿಹುಳುಗಳುಂಟು. ಕೆರೆ ಶುಚಿಮಾಡಲು ಹೊರಡುವ ತರುಣರು ನೀರಿಗಿಳಿಯುವ ಮುನ್ನ ಒಂದು ಎಲೆಯನ್ನು ಕೈಯಲ್ಲಿ ಹಿಡಿದು ನೋಡಲಿ. ಯಾವ ಕಳೆಯೆಂದು ಅರಿಯದೆ ಹುಳು ಬಿಡುವುದು ವ್ಯರ್ಥ. ಸಾಲ್ವೀನಿಯವನ್ನು ತುಂಡರಿಸಿ ನೀರಿನಲ್ಲೇ ಬಿಡುವುದಂತೂ ಬಿತ್ತನೆಯೇ ಸರಿ.