ಬಿಳಿಚೋಡಿನ ಬೇಸಿಗೆಯ ಹಾದಿ

ಇಂಗ್ಲೆಂಡಿನ ಜನರಿಗೆ ಬೇಸಿಗೆಯೆಂದರೆ ಹಸಿರು ಹೊಲಗಳ ನಡುವೆ ನಡೆದಾಡುವ ಕಾಲ. ನಮ್ಮ ಬಯಲುಸೀಮೆಯ ಬೇಸಿಗೆಯ ಪರಿಯೇ ಬೇರೆ. ಅದನ್ನು ಅರಿಯಬೇಕಾದರೆ ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ, ಬಿಸಿಲೇರುವ ಮುನ್ನ, ಕಾಲುನಡಿಗೆಯಲ್ಲಿ ಹೊರಡಬೇಕು.

ಊರು ದಾಟಿದೊಡನೆ ಇಕ್ಕೆಲಗಳಲ್ಲೂ ಉತ್ತು ಬಿಟ್ಟ ಹೊಲಗಳು. ಮೆಕ್ಕೆಜೋಳ, ಶೇಂಗಾ ಬೆಳೆಯುವ ನೆಲವೆಲ್ಲ ಈಗ ಬರಿದು. ಬದುವಿನ ಬೇವಿನಲ್ಲಿ ಮಾತ್ರ ಹಸಿರು. ಅದರ ನೆರಳಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, “ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಸ್ವಾಮಿ” ಎಂದರು.

“ಬಾರದಿದ್ದರೆ, ಯಜಮಾನರೇ?”

“ಬೀಜ ಮನೆಯಾಗೆ, ಹುಡುಗರು ಬೆಂಗಳೂರಾಗೆ!”

ನಗುತ್ತಲೇ ಹೇಳಿದರು, ಆದರೆ ಕಣ್ಣು ಆಗಸದಲ್ಲಿತ್ತು.

ಇದೇ ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು ಕೊಂಡುಕುರಿಯ ನೆಲೆ. ಗಂಡಿಗೆ ನಾಲ್ಕು ಕೊಂಬುಗಳುಳ್ಳ, ಮನುಷ್ಯರ ಸುಳಿವು ಸಿಕ್ಕೊಡನೆ ಮರೆಯಾಗುವ ಈ ಪುಟ್ಟ ಪ್ರಾಣಿಯ ರಕ್ಷಣೆಗಾಗಿ 2011ರಲ್ಲಿ ಅಲ್ಲಿ ಅಭಯಾರಣ್ಯ ಘೋಷಿತವಾಯಿತು. ಕಾಡಿದ್ದರೆ ಮಾತ್ರ ಸಾಲದು. ನೀರಿನಾಸರೆಯಿಂದ ಬಹುದೂರ ಅದು ಬಾಳಲಾರದು.

ಹಿಂದಿರುಗುವಾಗ ಮೂಡಣದಲ್ಲಿ ತುಣುಕು ಮೋಡವೊಂದು ಕಾಣಿಸಿತು. ಪೇಟೆಯ ನಮಗೆ ಅದು ಕೇವಲ ನೆರಳು. ಹೊಲಕ್ಕೂ ಕಾಡಿಗೂ ಅದು ವರ್ಷದ ಬದುಕು.