ಸಾಲಕ್ಕೆ ಮೊದಲು ಕಸುಬು

ಮೊಳಕಾಲ್ಮೂರು ಎಂದೊಡನೆ ಕಣ್ಣ ಮುಂದೆ ಬರುವುದು ರೇಷ್ಮೆ ಸೀರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ನೇಯುವವರೆಲ್ಲ ಸೀರೆಯ ಒಡೆಯರಲ್ಲ. ರೇಷ್ಮೆ, ಜರಿ ಕೊಡುವವರು ಬೇರೆ, ಮಾರುವವರೂ ಅವರೇ. ಬಹಳಷ್ಟು ನೇಕಾರರಿಗೆ ಸಿಗುವುದು ಸೀರೆಗಿಷ್ಟು ಎಂಬ ಮಜೂರಿ ಮಾತ್ರ. ಪಕ್ಕದ ಚಳ್ಳಕೆರೆಯ ಶೇಂಗಾ ಬೇಸಾಯವಂತೂ ಮಳೆಯನ್ನೇ ನಂಬಿದ್ದು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ನೆಲಗಳಲ್ಲಿ ಅದೂ ಒಂದು. ಇಂಥ ಸೀಮೆಯಲ್ಲಿ ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ಹುಡುಗ ಬೆಂಗಳೂರಿನ ಬಸ್ಸು ಹತ್ತದೆ ಊರಿನಲ್ಲೇ ಬದುಕು ಕಟ್ಟಿಕೊಳ್ಳುವುದು ಹೇಗೆ?

ಸರ್ಕಾರ ಈ ಪ್ರಶ್ನೆಗೆ 1979ರಲ್ಲೇ ಒಂದು ಉತ್ತರ ಹುಡುಕಿತ್ತು. ಗ್ರಾಮೀಣ ಯುವಕರಿಗೆ ಕಸುಬು ಕಲಿಸುವ ‘ಟ್ರೈಸೆಮ್’ ಯೋಜನೆ ಆಗ ಆರಂಭವಾಯಿತು. ತರಬೇತಿ ಒಂದು ಕಡೆ, ಸಾಲ ಇನ್ನೊಂದು ಕಡೆ. ಕಲಿತವನಿಗೆ ಸಾಲ ಸಿಗಲಿಲ್ಲ, ಸಾಲ ಪಡೆದವನು ಕಸುಬು ಕಲಿತಿರಲಿಲ್ಲ ಎಂಬ ದೂರು ತಪ್ಪಲಿಲ್ಲ. 1999ರಲ್ಲಿ ಅದು ಬೇರೆ ಯೋಜನೆಯಲ್ಲಿ ಲೀನವಾಯಿತು.

ಈ ನಡುವೆ 1982ರಲ್ಲಿ ಉಜಿರೆಯಲ್ಲಿ ಒಂದು ಪ್ರಯೋಗ ನಡೆಯಿತು. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ‘ರುಡ್‌ಸೆಟ್’ ಸಂಸ್ಥೆಯನ್ನು ಕಟ್ಟಿದವು. (2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾಯಿತು.) ಸಾಲ ಕೊಡುವವರೇ ಕಸುಬು ಕಲಿಸುವುದು ಇಲ್ಲಿನ ಹೊಸತನ. ಚಿತ್ರದುರ್ಗದಲ್ಲೂ ಅದರ ಶಾಖೆಯಿದೆ. ಊಟ, ವಸತಿ, ಪಾಠ ಎಲ್ಲವೂ ಉಚಿತ.

ಹೊಲಿಗೆ, ಮೋಟಾರ್ ರಿವೈಂಡಿಂಗ್, ಮೊಬೈಲ್ ರಿಪೇರಿ, ಹೈನುಗಾರಿಕೆ ಮುಂತಾದವನ್ನು ಇಲ್ಲಿ ಕಲಿಸುತ್ತಾರೆ. ಆದರೆ ಸ್ವಾರಸ್ಯ ಇರುವುದು ಕಸುಬಿನ ಪಾಠದ ಜೊತೆಗೇ ಆಡಿಸುವ ಒಂದು ಆಟದಲ್ಲಿ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆಯಂಥ ಉಂಗುರಗಳು. ಎಷ್ಟು ದೂರದಿಂದ ಎಸೆಯಬೇಕೆಂಬುದು ಆಡುವವನ ಆಯ್ಕೆ. ಗೂಟದ ಪಕ್ಕದಲ್ಲೇ ನಿಂತವನಿಗೆ ಸೋಲಿನ ಭಯ. ಬಹುದೂರ ಹೋದವನು ಅದೃಷ್ಟವನ್ನು ನಂಬಿದವನು. ತನ್ನ ಕೈಯಳತೆ ನೋಡಿಕೊಂಡು ನಡುವೆ ನಿಂತು, ಎಸೆದೆಸೆದು ದೂರ ಸರಿಯುವವನು ವ್ಯಾಪಾರಕ್ಕೆ ತಕ್ಕವನು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲ್ಯಾಂಡ್ ಅವರ ಅಧ್ಯಯನಗಳಿಂದ ಬಂದ ಆಟವಿದು. ಸಾಧನೆಯ ಛಲವನ್ನು ಕಲಿಸಿ ಬೆಳೆಸಬಹುದು ಎಂಬ ತಮ್ಮ ವಾದವನ್ನು ಅವರು 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳ ನಡುವೆಯೇ ಪರೀಕ್ಷಿಸಿದ್ದರು. ಆಟದಿಂದ ಉದ್ಯಮಿ ಹುಟ್ಟುತ್ತಾನೆಯೇ ಎಂದು ನಗುವವರಿದ್ದಾರೆ. ನಗಲಿ, ಮನೆಯಲ್ಲಿ ಯಾವುದನ್ನೂ ತಾನಾಗಿ ನಿರ್ಧರಿಸಿರದ ಹುಡುಗಿಗೆ ಎಲ್ಲಿ ನಿಲ್ಲಬೇಕೆಂದು ಆಯ್ದುಕೊಳ್ಳುವುದೇ ಸಣ್ಣ ಮಾತಲ್ಲ.

ಆಮೇಲೆ ಪೇಟೆ ಸಮೀಕ್ಷೆ. ಊರಿನಲ್ಲಿ ಎಷ್ಟು ಹೊಲಿಗೆ ಅಂಗಡಿಗಳಿವೆ, ಸುಗ್ಗಿ ಯಾವಾಗ, ಉದ್ರಿ ಎಷ್ಟು ದಿನ ಎಂದು ವಿಚಾರಿಸಿ ಬರಬೇಕು. ಹೊಲಿಗೆ ಯಂತ್ರ ಕೊಂಡ ಮಾತ್ರಕ್ಕೆ ಅಂಗಡಿ ನಡೆಯದು; ದಾರ, ಬಟ್ಟೆ, ಬಾಡಿಗೆ ಮತ್ತು ಗಿರಾಕಿ ದುಡ್ಡು ಕೊಡುವವರೆಗಿನ ದಿನಗಳಿಗೂ ಹಣ ಬೇಕು. ಸಾಲದ ಅರ್ಜಿಯಲ್ಲಿ ಮರೆತುಹೋಗುವುದು ಇದೇ. ತರಬೇತಿ ಮುಗಿದ ಮೇಲೂ ಎರಡು ವರ್ಷ ಸಂಸ್ಥೆ ಬೆನ್ನಿಗಿರುತ್ತದೆ. 2009ರಲ್ಲಿ ಕೇಂದ್ರ ಸರ್ಕಾರ ಈ ಮಾದರಿಯನ್ನು ದೇಶದ ಜಿಲ್ಲೆಗಳಿಗೆಲ್ಲ ವಿಸ್ತರಿಸಹೊರಟಿದ್ದಕ್ಕೆ ಕಾರಣ ಈ ಜೋಡಣೆಯೇ. 2015ರಲ್ಲಿ ಬಂದ ಮುದ್ರಾ ಯೋಜನೆಯ ‘ಶಿಶು’ ಸಾಲವೂ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಿಗುತ್ತದೆ.

ಕಿರುಸಾಲವೆಲ್ಲ ಹೀಗಲ್ಲ. ಬಾಂಗ್ಲಾದೇಶದಲ್ಲಿ 1976ರಲ್ಲಿ ಮುಹಮ್ಮದ್ ಯೂನುಸ್ ಆರಂಭಿಸಿದ್ದು ಕಸುಬುಳ್ಳ ಬಡವರಿಗೆ ಬಂಡವಾಳ ಕೊಡುವುದರಿಂದ. ನಮ್ಮಲ್ಲಿ ಖಾಸಗಿ ಫೈನಾನ್ಸುಗಳ ಸಾಲ ಮದುವೆಗೆ, ಆಸ್ಪತ್ರೆಗೆ, ಇನ್ನೊಂದು ಸಾಲದ ಕಂತಿಗೂ ಹೋಯಿತು. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಮೊಳಕಾಲ್ಮೂರಿನ ನೇಕಾರರ ಮಕ್ಕಳ ಮಾತು ಇನ್ನೂ ತೊಡಕಿನದು. ಅವರಿಗೆ ಕಸುಬು ಗೊತ್ತು, ಕಲಿಯಬೇಕಾದದ್ದು ಮಾರಾಟ. ಸಾಲ ಮಾಡಿ ಸ್ವಂತ ರೇಷ್ಮೆ ಕೊಂಡರೆ ಸೀರೆ ಅವರದೇ ಆಗುತ್ತದೆ, ನಿಜ. ಆದರೆ ಆಷಾಢದಲ್ಲಿ ಅದು ಪೆಟ್ಟಿಗೆಯಲ್ಲೇ ಉಳಿದಾಗ ಕಂತು ಕಟ್ಟಲು ಮತ್ತೆ ಮಜೂರಿಯ ಮಗ್ಗಕ್ಕೇ ಕೂರಬೇಕು. ಮದುವೆ ತಿಂಗಳುಗಳಿಗೆ ಹೊಂದುವಂತೆ ಕಂತುಗಳನ್ನು ಗೊತ್ತುಮಾಡಲು ಬ್ಯಾಂಕುಗಳು ಒಪ್ಪಿದರೆ, ಮಗ್ಗದ ಮನೆಯ ಹುಡುಗರಿಗೂ ಈ ಸಾಲ ದಕ್ಕೀತು.