ಸದ್ದು ಸಮ ಮಾಡಿ, ಆಮೇಲೆ ಕೇಳಿ

ಅಂಗಡಿಯಲ್ಲಿ ಎರಡು ಹೋಂ ಥಿಯೇಟರ್ ರಿಸೀವರ್‌ಗಳನ್ನು ಒಂದರ ನಂತರ ಒಂದು ಕೇಳಿಸುವಾಗ, ಒಂದರ ಸದ್ದು ಇನ್ನೊಂದಕ್ಕಿಂತ ಒಂದೇ ಡೆಸಿಬೆಲ್ ಹೆಚ್ಚಿದ್ದರೂ ಸಾಕು, ನಮ್ಮ ಆಯ್ಕೆ ಬಹುತೇಕ ಅಲ್ಲಿಗೇ ಮುಗಿದುಹೋಗುತ್ತದೆ. ಅಷ್ಟು ಸಣ್ಣ ವ್ಯತ್ಯಾಸ ಇದ್ದಾಗ ‘ಇದು ಜೋರು’ ಎಂದು ಯಾರಿಗೂ ಹೊಳೆಯುವುದಿಲ್ಲ. ‘ಇದರಲ್ಲಿ ಬಾಸ್ ತುಂಬಿಕೊಂಡಿದೆ, ಹಾಡುವವರ ದನಿ ಬಿಡಿಸಿ ಕೇಳುತ್ತದೆ’ ಎಂದೇ ಅನ್ನಿಸುತ್ತದೆ.

ಕಾರಣ ನಮ್ಮ ಕಿವಿಯಲ್ಲೇ ಇದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದಂತೆ, ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿ ಕೆಳಸ್ವರಗಳಿಗೆ ಮಂದ. ಸದ್ದು ಏರುತ್ತ ಹೋದಂತೆ ಆ ಮಂದತನ ಕಡಿಮೆಯಾಗುತ್ತದೆ. ಅಂದರೆ ವಾಲ್ಯೂಮ್ ತುಸು ಹೆಚ್ಚಿಸಿದರೆ ಬಾಸ್ ತಾನಾಗಿಯೇ ಮೈತುಂಬಿಕೊಳ್ಳುತ್ತದೆ. ಅದರ ಕೀರ್ತಿ ಸುಮ್ಮನೆ ಪೆಟ್ಟಿಗೆಗೆ ಸಲ್ಲುತ್ತದೆ.

ಪೆಟ್ಟಿಗೆಯೊಳಗೆ ನಡೆಯುವ ಕೆಲಸ ಮುಖ್ಯವಾಗಿ ಮೂರು. ಎಚ್‌ಡಿಎಂಐ ತಂತಿಯಲ್ಲಿ ಬಂದ ಡಾಲ್ಬಿ ಅಥವಾ ಡಿಟಿಎಸ್ ಸಂಕೇತವನ್ನು ಬಿಡಿಸಿ ಯಾವ ಸ್ಪೀಕರಿಗೆ ಯಾವ ಸದ್ದು ಎಂದು ಹಂಚುವುದು, ಅಂಕಿಗಳ ರೂಪದಲ್ಲಿರುವ ಅದನ್ನು ವಿದ್ಯುತ್ ಅಲೆಯಾಗಿಸುವುದು, ಆ ಅಲೆಗೆ ಸ್ಪೀಕರನ್ನು ಅಲುಗಾಡಿಸುವಷ್ಟು ಬಲ ತುಂಬುವುದು. ಮೊದಲ ಎರಡು ಇಂದು ಬಗೆಹರಿದ ವಿಷಯಗಳು. ಹೆಸರಾಂತ ಕಂಪನಿಯೊಂದರ ಅಗ್ಗದ ಮಾದರಿಯಲ್ಲೂ ಅವುಗಳಿಂದ ಸೇರುವ ದೋಷ ಸಾಮಾನ್ಯವಾಗಿ ಕಿವಿಗೆ ನಿಲುಕದಷ್ಟು ಸಣ್ಣದು.

ಉಳಿದದ್ದು ಬಲ ತುಂಬುವ ಆಂಪ್ಲಿಫೈಯರ್. ಅಮೆರಿಕದ ‘ಸ್ಟೀರಿಯೋ ರಿವ್ಯೂ’ ಪತ್ರಿಕೆ 1987ರ ಜನವರಿಯಲ್ಲಿ ಒಂದು ಪರೀಕ್ಷೆಯ ವಿವರ ಪ್ರಕಟಿಸಿತು. ಸುಮಾರು 220 ಡಾಲರಿನ ರಿಸೀವರ್‌ನಿಂದ ಹಿಡಿದು 12,000 ಡಾಲರಿನ ವಾಲ್ವ್ ಆಂಪ್ಲಿಫೈಯರ್‌ವರೆಗೆ ಹಲವು ಯಂತ್ರಗಳನ್ನು ಸದ್ದು ಸಮ ಮಾಡಿ, ಯಾವುದು ನುಡಿಯುತ್ತಿದೆ ಎಂದು ತಿಳಿಸದೆ ಕೇಳಿಸಲಾಗಿತ್ತು. ಕೇಳುಗರಲ್ಲಿ ‘ಆಂಪ್‌ಗಳ ನಡುವೆ ಅಂತರ ಇದ್ದೇ ಇದೆ’ ಎನ್ನುವವರೂ ಇದ್ದರು, ನಂಬದವರೂ ಇದ್ದರು. ಇಬ್ಬರ ಉತ್ತರವೂ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚು ಸರಿಯಿರಲಿಲ್ಲ. ಬೆಲೆಪಟ್ಟಿ ಕಣ್ಣಿಗೆ ಬಿದ್ದ ಕ್ಷಣದಿಂದ ಕಿವಿ ಬೇರೆಯದನ್ನೇ ಕೇಳತೊಡಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗಂತ ಎಲ್ಲ ರಿಸೀವರ್‌ಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆ ಪರೀಕ್ಷೆಯ ಫಲಿತಾಂಶ ಆಂಪ್ಲಿಫೈಯರ್ ತನ್ನ ಮಿತಿಯೊಳಗೆ ದುಡಿಯುವಾಗ ಸಲ್ಲುವ ಮಾತು. ಸಿನಿಮಾದ ಸದ್ದು ಆ ಮಿತಿಯನ್ನು ಬಲು ಬೇಗ ಮುಟ್ಟಿಸುತ್ತದೆ. ಮಾತುಕತೆ ನಡೆಯುತ್ತಿದ್ದ ದೃಶ್ಯದಲ್ಲಿ ಏಕಾಏಕಿ ಸ್ಫೋಟವಾಗಿ ಸದ್ದು 20 ಡೆಸಿಬೆಲ್ ಮೇಲೇರಿತು ಅನ್ನಿ. 3 ಡೆಸಿಬೆಲ್ ಏರಲು ಎರಡು ಪಟ್ಟು ಶಕ್ತಿ ಬೇಕು, 10ಕ್ಕೆ ಹತ್ತು ಪಟ್ಟು, 20ಕ್ಕೆ ನೂರು ಪಟ್ಟು. ಒಂದು ವ್ಯಾಟ್‌ನಲ್ಲಿ ನಡೆದಿದ್ದ ಸಂಭಾಷಣೆಯ ಪಕ್ಕದಲ್ಲೇ ನೂರು ವ್ಯಾಟ್ ಕೇಳುವ ಕ್ಷಣ ಕಾದಿರುತ್ತದೆ. ಅಷ್ಟು ಕೊಡಲಾಗದ ಆಂಪ್ಲಿಫೈಯರ್ ಅಲೆಯ ತುದಿಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಮೂಲದಲ್ಲಿ ಇಲ್ಲದ ಕರ್ಕಶ ಸ್ವರಗಳು ಒಳಸೇರುತ್ತವೆ.

ಆದ್ದರಿಂದ ಡಬ್ಬದ ಮೇಲಿನ ದಪ್ಪ ಅಕ್ಷರ ಬಿಟ್ಟು ಸಣ್ಣಕ್ಷರ ಓದಬೇಕು. ‘150 ವ್ಯಾಟ್’ ಎಂದಿರುವ ಕಡೆ, ಕೆಳಗೆ ‘6 ಓಮ್, 1 ಕಿಲೋಹರ್ಟ್ಸ್, ಒಂದೇ ಚಾನೆಲ್, ಶೇ. 10 ಡಿಸ್ಟಾರ್ಷನ್’ ಎಂದಿದ್ದರೆ ಆ ಅಂಕಿ ಮನೆಯಲ್ಲಿ ಉಪಯೋಗಕ್ಕೆ ಬಾರದು. ಐದು, ಏಳು ಚಾನೆಲ್‌ಗಳಿಗೂ ಶಕ್ತಿ ಹಂಚುವುದು ಒಂದೇ ಪವರ್ ಸಪ್ಲೈ. ಎಲ್ಲವೂ ಒಟ್ಟಿಗೆ ಕೇಳಿದಾಗ ಪ್ರತಿಯೊಂದರ ಪಾಲು ಇಳಿಯುತ್ತದೆ. ‘8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನೆಲ್’ ಎಂದು ಕೊಟ್ಟ ಅಂಕಿಗಳನ್ನಷ್ಟೇ ಒಂದಕ್ಕೊಂದು ಹೋಲಿಸಿ. ನಮ್ಮ ಅಂಗಡಿಗಳಲ್ಲಿ ಸ್ಪೀಕರ್ ಸೆಟ್‌ಗಳ ಮೇಲೆ ರಾರಾಜಿಸಿದ ಸಾವಿರಾರು ವ್ಯಾಟ್ ‘ಪಿಎಂಪಿಒ’ಗಂತೂ ಒಪ್ಪಿತವಾದ ಅಳತೆಗೋಲೇ ಇಲ್ಲ.

ಕೇಳುವ ಪರೀಕ್ಷೆ ಹೀಗಿರಲಿ. ಎರಡೂ ರಿಸೀವರಿಗೆ ಅವೇ ಸ್ಪೀಕರ್, ಅದೇ ಜಾಗ, ಅದೇ ಹಾಡಿನ ಅದೇ ಅರ್ಧ ನಿಮಿಷ. ಟೋನ್, ಬಾಸ್ ಬೂಸ್ಟ್, ‘ಮೂವಿ’, ‘ಹಾಲ್’ ಮೋಡ್‌ಗಳೆಲ್ಲ ಬಂದ್. ‘ಡೈರೆಕ್ಟ್’ ಮೋಡ್ ಇದ್ದರೆ ಅದನ್ನೇ ಒತ್ತಿ. ಪಿಂಕ್ ನಾಯ್ಸ್ ಎಂಬ, ಎಲ್ಲ ಸ್ವರಗಳೂ ಬೆರೆತ ಪರೀಕ್ಷಾ ಸದ್ದು ಹಾಕಿ, ಕೂರುವ ಜಾಗದಲ್ಲಿ ಮೊಬೈಲಿನ ಸದ್ದಳೆಯುವ ಆ್ಯಪ್ ಇಟ್ಟು ಎರಡರ ವಾಲ್ಯೂಮನ್ನೂ ಸಮ ಮಾಡಿ. ಆ್ಯಪ್ ಪ್ರಯೋಗಾಲಯದ ಮೀಟರ್ ಆಗಲಾರದು, ಆದರೂ ಅಂದಾಜಿಗಿಂತ ಎಷ್ಟೋ ಮೇಲು. ಬದಲಾಯಿಸುವುದು ಬೇಗ ಆಗಬೇಕು, ಏಕೆಂದರೆ ಸದ್ದಿನ ಸೂಕ್ಷ್ಮ ವಿವರಗಳು ನೆನಪಿನಲ್ಲಿ ಉಳಿಯುವುದು ಕೆಲವೇ ಸೆಕೆಂಡು. ನಾನಾದರೆ ಮೃದಂಗದ ಜೊತೆಗಿರುವ ಗಾಯನವನ್ನೇ ಆರಿಸುತ್ತೇನೆ: ಎಡಗೈಯ ಗುಂಕಾರ, ಬಲಗೈಯ ಚುರುಕು ಪೆಟ್ಟು, ಹಿಂದೆ ಎಳೆಯೆಳೆಯಾಗಿ ಹರಿಯುವ ತಂಬೂರಿ, ಎಲ್ಲವೂ ಒಂದೇ ಕಡೆ ಸಿಗುತ್ತವೆ. ಯಾವುದು ನುಡಿಯುತ್ತಿದೆ ಎಂದು ನಿಮಗೆ ಕಾಣದ ಹಾಗೆ ಜೊತೆಗೆ ಬಂದವರು ಬದಲಾಯಿಸಲಿ.

ಇಷ್ಟು ಮಾಡಿದ ಮೇಲೂ ಅಂಗಡಿಯಲ್ಲಿ ಸಿಗದ ಉತ್ತರವೊಂದಿದೆ, ಅದೇ ನಿಜವಾಗಿ ಮುಖ್ಯವಾದದ್ದು: ನಿಮ್ಮ ಮನೆಯ ಕೋಣೆಯಲ್ಲಿ ಅದು ಹೇಗೆ ಕೇಳಿಸುತ್ತದೆ? 12 ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ ಅಲೆ ನಿಂತುಬಿಡುತ್ತದೆ. ಗೋಡೆಗೆ ಒತ್ತಿದ ಸೋಫಾದಲ್ಲಿ ಕೂತವರಿಗೆ ಆ ಸ್ವರ ಗುಮ್ಮೆನ್ನುತ್ತದೆ, ಕೋಣೆಯ ನಡುವೆ ಕೂತವರಿಗೆ ಅದು ಇಲ್ಲವೇ ಇಲ್ಲ. ನಮ್ಮ ಗಾರೆ ಗೋಡೆ, ಟೈಲ್ಸ್ ನೆಲದ ಹಜಾರಗಳಲ್ಲಿ ಪ್ರತಿಧ್ವನಿಯೂ ಸೇರಿ ಮಾತು ಕಲಸಿಹೋಗುತ್ತದೆ. ಇದನ್ನು ತಿದ್ದಲೆಂದೇ ರಿಸೀವರ್ ಜೊತೆ ಪುಟ್ಟ ಮೈಕ್ ಬರುತ್ತದೆ. ಡೆನಾನ್, ಮರಾಂಟ್ಜ್‌ಗಳಲ್ಲಿ ಆಡಿಸ್ಸಿ, ಯಮಾಹಾದಲ್ಲಿ ವೈಪಾವೊ, ಇನ್ನು ಕೆಲವದರಲ್ಲಿ ಡಿರಾಕ್. ಪರೀಕ್ಷಾ ಸ್ವರ ಹೊರಡಿಸಿ, ಕೂರುವ ಜಾಗಕ್ಕೆ ತಲುಪಿದ್ದನ್ನು ಅಳೆದು, ಉಬ್ಬಿದ ಸ್ವರಗಳನ್ನು ಇವು ತಗ್ಗಿಸುತ್ತವೆ. ಪೂರ್ತಿ ಅಡಗಿದ ಸ್ವರವನ್ನು ಎತ್ತಲು ಮಾತ್ರ ಇವುಗಳಿಂದಾಗದು. ಅದಕ್ಕೆ ಸೋಫಾವನ್ನೋ ಸಬ್‌ವೂಫರನ್ನೋ ಜರುಗಿಸಬೇಕು. ರಿಸೀವರ್‌ಗಳ ನಡುವೆ ಸುಲಭವಾಗಿ ಕಿವಿಗೆ ಬೀಳುವ ಅಂತರ ಈ ತಿದ್ದುಪಡಿಯಲ್ಲಿದೆ. ಒಂದೇ ಕಂಪನಿಯ ಕೆಳಗಿನ ಮತ್ತು ಮೇಲಿನ ಮಾದರಿಗಳಲ್ಲಿ ಅದರ ಮಟ್ಟ ಬೇರೆಬೇರೆ.

ಹಣವನ್ನು ಮೊದಲು ಒಳ್ಳೆಯ ಸ್ಪೀಕರ್‌ಗಳಿಗೆ ಹಾಕಿ. ಅವುಗಳಿಗೆ ಸಾಲುವಷ್ಟು ಬಲ ಮತ್ತು ಚೆನ್ನಾಗಿ ಕೋಣೆ ತಿದ್ದುವ ವ್ಯವಸ್ಥೆ ಇರುವ ರಿಸೀವರ್ ಸಾಕು. ಅದಕ್ಕೂ ಮೇಲಿನ ಬೆಲೆಯಿಂದ ಸದ್ದಿಗೆ ಸಿಗುವುದು ಅತ್ಯಲ್ಪ. ಸದ್ದು ಸಮ ಮಾಡಿ ಕೇಳಿಸಿ ಎಂದಾಗ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ಮನೆಯಲ್ಲಿ ಜೋಡಿಸಿ ಕೇಳಿ, ಬೇಡವಾದರೆ ಹಿಂದಿರುಗಿಸಲು ಎಷ್ಟು ದಿನ ಇದೆ ಎಂಬುದನ್ನು ಹಣ ಕೊಡುವ ಮೊದಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.